ಹನ್ನೊಂದು ಖಾಲಿ ಮನೆಗಳ ಒಡತಿ

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಪರದೆಬಟ್ಟೆಯ ಆ ಅಂಗಡಿಗೆ ಅವಳು ಸೇರಿ ಇಪ್ಪತ್ತೆಂಟು ವರ್ಷವಾಗಿತ್ತು. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆಯುವುದು, ಬಂದು ಮಹಡಿಯ ಮೇಲಿನ ಕೋಣೆಯಲ್ಲಿ ಪರದೆ ಹೊಲಿಯುವುದು, ಮತ್ತೆ ಹೋಗಿ ತೂಗುಹಾಕಿ ಬರುವುದು, ಮೂರೂ ಅವಳದೇ ಕೆಲಸ. ಕೊರಳಲ್ಲಿ ಟೇಪು ಸದಾ ನೇತಾಡುತ್ತಿತ್ತು. ಆದರೆ ಅದನ್ನು ಬಿಚ್ಚುವ ಮೊದಲೇ ಅವಳ ಕಣ್ಣು ಅಳತೆ ಮುಗಿಸಿರುತ್ತಿತ್ತು. "ನಾಲ್ಕಡಿ ಎರಡಂಗುಲ" ಎನ್ನುವಳು. ಟೇಪು ಹಿಡಿದರೆ ನಾಲ್ಕಡಿ ಎರಡಂಗುಲವೇ.

ತೂಗುಹಾಕಿ ಮುಗಿದ ಮೇಲೆ ಅವಳದೊಂದು ಕೊನೆಯ ಕೆಲಸವಿತ್ತು. ಎರಡೂ ಪಕ್ಕದ ಪರದೆಗಳನ್ನು ಎಳೆದು ತಂದು, ನಡುವೆ ಸರಿಯಾಗಿ ಒಂದು ಗೇಣು ಸಂದು ಬಿಟ್ಟು, ನೆರಿಗೆಗಳನ್ನು ಅಂಗೈಯಿಂದ ತೀಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುವುದು. ಬಟ್ಟೆಯೂ ಕಾಣಬೇಕು, ಬೆಳಕೂ ಬರಬೇಕು. ಕೆಲಸಕ್ಕೆ ಸೇರಿದ ವಾರದಲ್ಲಿ ಯಜಮಾನರು ಕಲಿಸಿದ ಪಾಠ ಅದು. ಆಮೇಲೆ ಅದು ಪಾಠವಾಗಿ ಉಳಿಯಲಿಲ್ಲ, ಕೈಯ ಗುಣವಾಗಿಬಿಟ್ಟಿತು.

ಇಷ್ಟು ಮನೆಗಳ ಕಿಟಕಿಗಳನ್ನು ಬಲ್ಲವಳ ಸ್ವಂತ ಮನೆಗೆ ಪರದೆ ಇರಲಿಲ್ಲ. ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಎರಡು ಕೋಣೆ, ಒಂದೇ ಕಿಟಕಿ. ಅದನ್ನು ತೆರೆದರೆ ಕೈ ಚಾಚಿ ಮುಟ್ಟುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬಣ್ಣ ಕಾಣದ ಗೋಡೆ. ಒಂದು ಕಡೆ ಪೈಪು ಸೋರಿ ಪಾಚಿ ಹಿಡಿದಿತ್ತು.

"ಗೋಡೆಯಿಂದ ಏನನ್ನ ಮುಚ್ಚಿಡಬೇಕು ಹೇಳು" ಎನ್ನುತ್ತಿದ್ದಳು ಅಕ್ಕ. "ನಾಚಿಕೆಯಾದ್ರೆ ಅದೇ ಆ ಕಡೆ ತಿರುಗ್ಲಿ."

ಅಕ್ಕ ಎಂಟು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಮದುವೆಯಾಗದ ತಂಗಿಯ ಜೊತೆಗೆ ಬಂದು ನಿಂತವಳು. ಮೂವತ್ತು ವರ್ಷ ಒಂದು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಕೊಡುವ ಕಿಂಡಿಯ ಹಿಂದೆ ಕೂತಿದ್ದಳು. ಅವಳಿಗೆ ಜನರ ಮುಖ ಕಾಣುತ್ತಿರಲಿಲ್ಲ, ಒಳಗೆ ಚಾಚುವ ಕೈಗಳಷ್ಟೇ. ಕೈ ನೋಡಿಯೇ ಆ ಮನುಷ್ಯ ಬಂದಿರುವುದು ಹೆಂಡತಿಯ ಜೊತೆಗೋ ಬೇರೆಯವರ ಜೊತೆಗೋ ಹೇಳಿಬಿಡುತ್ತಿದ್ದಳಂತೆ. "ಹೆಂಡತಿ ಜೊತೆ ಬಂದೋರು ಚಿಲ್ಲರೆ ಎಣಿಸಿ ತಗೋತಾರೆ." ಜನ, ಗದ್ದಲ, ಬೀದಿ ಇಲ್ಲದೆ ಬದುಕಲಾರದ ಆ ಹೆಂಗಸು ಈಗ ಏಳು ತಿಂಗಳಿಂದ ಕೆಳಗಿಳಿದಿರಲಿಲ್ಲ. ಬಲಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಅದು ಗಟ್ಟಿಯಾಗಿತ್ತು. ಎಡಮೊಣಕಾಲು ಕೈಕೊಟ್ಟಿತ್ತು. ಕೆಳಗಿನ ಬೀದಿಗೂ ಅವಳಿಗೂ ನಡುವೆ ಅರವತ್ತನಾಲ್ಕು ಮೆಟ್ಟಿಲುಗಳಿದ್ದವು.

ಗೋಡೆ ನೋಡಿ ನೋಡಿ ಸಾಕಾಗಿಯೇ ಇರಬೇಕು, ಹದಿಮೂರು ವರ್ಷದ ಹಿಂದೆ ಅಳತೆಯಮ್ಮ ಒಂದು ಕಡಲು ಕೊಂಡಳು.

ಕಂಪ್ಯೂಟರಿನೊಳಗೆ ಒಂದು ಲೋಕ. ಅಲ್ಲಿಗೆ ಹೋಗುವವರಿಗೆಲ್ಲ ಒಂದೊಂದು ಗೊಂಬೆ. ಆ ಗೊಂಬೆ ನಡೆಯುತ್ತದೆ, ಕೂರುತ್ತದೆ, ನಾವಾಡಿದ ಮಾತನ್ನು ಪಕ್ಕದ ಗೊಂಬೆಗೆ ಕೇಳಿಸುತ್ತದೆ. ಆ ಲೋಕದಲ್ಲಿ ನೆಲವನ್ನು ಮಾರುತ್ತಿದ್ದದ್ದು ಅದನ್ನು ನಡೆಸುವ ಕಂಪನಿ. ಒಂದು ದೊಡ್ಡ ಮೊತ್ತ ಕೊಟ್ಟು ದ್ವೀಪ ಕೊಳ್ಳಬೇಕು. ಆಮೇಲೆ ತಿಂಗಳು ತಿಂಗಳು ಶುಲ್ಕ ಕಟ್ಟಬೇಕು. ಶುಲ್ಕ ನಿಂತಿತೋ, ದ್ವೀಪವನ್ನು ಅಳಿಸಿಬಿಡುತ್ತಾರೆ. ಮನೆ, ಮರ, ದಾರಿ ಎಲ್ಲ ಹೋಗಿ ಅಲ್ಲಿ ನೀರು ಕೂಡಿಕೊಳ್ಳುತ್ತದೆ. ಅವಳು ಹದಿನೈದು ವರ್ಷದ ಉಳಿತಾಯ ಸುರಿದು ಒಂದು ದ್ವೀಪ ಕೊಂಡಾಗ ಅಂಗಡಿಯವರೆಲ್ಲ ನಕ್ಕರು. "ಇಲ್ಲದ ಊರಲ್ಲಿ ಸೈಟು ತಗೊಂಡಳಂತೆ ನಮ್ಮ ಅಳತೆಯಮ್ಮ! ಟೇಪು ಒದ್ದೆಯಾಗದ ಹಾಗೆ ನೋಡ್ಕೊಳಮ್ಮ."

ನಕ್ಕವರು ವರ್ಷ ತುಂಬುವುದರೊಳಗೆ ಬಾಯಿ ಮುಚ್ಚಿಕೊಂಡರು. ಅವಳು ದ್ವೀಪವನ್ನು ಹನ್ನೆರಡು ತುಂಡು ಮಾಡಿ, ಒಂದೊಂದರಲ್ಲೂ ಕಡಲಿಗೆ ಮುಖವಿಟ್ಟ ಒಂದೊಂದು ಮನೆ ಕಟ್ಟಿ, ನಿಜವಾದ ದುಡ್ಡಿಗೇ ಬಾಡಿಗೆಗೆ ಕೊಟ್ಟಳು. ಮನೆ ಎಲ್ಲರೂ ಕಟ್ಟುತ್ತಿದ್ದರು. ಆದರೆ ನಿಜವಾದ ನೆರಿಗೆ ಬೀಳುವ, ಗಾಳಿಗೆ ತುಸುವೇ ಉಬ್ಬಿ ಇಳಿಯುವ ಪರದೆ ಇದ್ದದ್ದು ಅವಳ ಮನೆಗಳಲ್ಲಿ ಮಾತ್ರ. ಒಂದು ಮನೆ ಖಾಲಿಯಾದರೆ ಮೂವರು ಕಾಯುತ್ತಿದ್ದ ಕಾಲ ಅದು. ಅಲ್ಲಿನವರು ಅವಳನ್ನು ಒಡತಿ ಎಂದು ಕರೆದರು. ಬಾಡಿಗೆಯ ಹಣದಲ್ಲಿ ಶುಲ್ಕ ಕಳೆದು ಉಳಿದದ್ದರಲ್ಲೇ ಅಕ್ಕನ ಬಲಮೊಣಕಾಲು ಸರಿಹೋಯಿತು.

ಅವಳು ಆ ಲೋಕದಲ್ಲಿ ಒಂದೇ ಒಂದು ನಿಯಮ ಮಾಡಿದ್ದಳು. ಮನೆ ಬಿಡುವವರು ಹೇಳದೆ ಹೋಗಬಾರದು; ಬಂದು, ತಮ್ಮ ಕೈಯಾರೆ ಪರದೆ ಮುಚ್ಚಿ ಹೋಗಬೇಕು. ಅದಕ್ಕೆ ಬಾಡಿಗೆದಾರರು ತಮಾಷೆ ಮಾಡುತ್ತಿದ್ದರು, ಆದರೆ ಪಾಲಿಸುತ್ತಿದ್ದರು.

ಆಮೇಲೆ ಪರದೆಗಳು ಮುಚ್ಚತೊಡಗಿದವು. ಕಂಪನಿ ಹೊಸ ದ್ವೀಪಗಳನ್ನು ಅರ್ಧ ಬೆಲೆಗೆ ಮಾರುತ್ತೇನೆಂದು ಸಾರಿತು. ಇಲ್ಲದ ನೆಲವನ್ನು ಎಷ್ಟು ಬೇಕಾದರೂ ಹುಟ್ಟಿಸಬಹುದಷ್ಟೆ. ಅವಳು ದುಬಾರಿಗೆ ಕೊಂಡದ್ದರ ಬೆಲೆ ಒಂದು ಬೆಳಗಿನಲ್ಲಿ ಪಾತಾಳಕ್ಕಿಳಿಯಿತು. ಜನರೂ ಬೇರೆ ಆಟ, ಬೇರೆ ಲೋಕ ಹಿಡಿದು ಹೊರಟರು. ಮಾರಿಬಿಡೋಣವೆಂದು ಅವಳು ಅಲ್ಲಿನ ದಲ್ಲಾಳಿಯ ಬಳಿ ಹೋದಳು. ಟೋಪಿ ಹಾಕಿದ ಗೊಂಬೆ ಅದು.

"ಬೆಲೆ ಕೇಳ್ಬೇಡಿ ಅಮ್ಮ" ಎಂದಿತು ಟೋಪಿ. "ಪುಕ್ಕಟೆ ಕೊಟ್ರೂ ತಗೊಳ್ಳೋರಿಲ್ಲ. ತಗೊಂಡ್ರೆ ತಿಂಗಳ ಶುಲ್ಕ ಅವರ ತಲೆ ಮೇಲೆ ಬರುತ್ತಲ್ಲ? ನಂದೇ ನಾಲ್ಕು ದ್ವೀಪ ಮುಳುಗಿಸಿ ಬಂದಿದೀನಿ."

ಒಂದು ಕಾಲದಲ್ಲಿ ಅವಳ ದಡದಲ್ಲಿ ನಿಂತರೆ ದೂರದಲ್ಲಿ ಏಳು ದ್ವೀಪಗಳು ಕಾಣುತ್ತಿದ್ದವು. ಒಂದರಲ್ಲಿ ಗಾಳಿಯಂತ್ರ, ಒಂದರಲ್ಲಿ ಗಂಟೆಗೋಪುರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದೊಂದು ಸಂಜೆ ಹೋದಾಗಲೂ ಒಂದೊಂದು ಕಡಿಮೆಯಾಗಿ, ಕೊನೆಗೆ ಸುತ್ತಲೂ ನೀರಷ್ಟೇ ಉಳಿಯಿತು. ಕಡಲು ಬೇಕೆಂದು ಆಸೆಪಟ್ಟವಳಿಗೆ ಈಗ ಬರೀ ಕಡಲು.

ಅವಳ ಹನ್ನೆರಡು ಮನೆಗಳಲ್ಲಿ ಹನ್ನೊಂದು ಖಾಲಿಯಾದವು. ಉಳಿದವರು ಹನ್ನೆರಡನೆಯ ಮನೆಯ ಟೈಂಕೀಪರ್.

ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಬಸ್ಸುಗಳು ಬರುವ ಹೋಗುವ ಹೊತ್ತು ಬರೆದಿಟ್ಟು ನಿವೃತ್ತರಾದವರು. ಎಲ್ಲಿರುತ್ತಾರೋ ಅವಳು ಕೇಳಿದವಳಲ್ಲ. ಹಾಸಿಗೆ ಹಿಡಿದ ಹೆಂಡತಿ ಕಡಲು ನೋಡಬೇಕೆಂದಳೆಂದು ಅವರು ಆ ಮನೆ ಹಿಡಿದಿದ್ದರು. ದಡದ ಬೆಂಚಿನ ಮೇಲೆ ಅವರ ಗೊಂಬೆ, ಆಕೆಯ ಗೊಂಬೆ ದಿನವೂ ಸಂಜೆ ಏಳರಿಂದ ಎಂಟರವರೆಗೆ ಕೂರುತ್ತಿದ್ದವು. ಮೂರು ವರ್ಷದ ಹಿಂದೆ ಆಕೆ ತೀರಿಕೊಂಡರು. ಗೊಂಬೆ ಒಂದೇ ಆಯಿತು. ಆದರೂ ಏಳಕ್ಕೆ ಸರಿಯಾಗಿ ಬಂದು ಬೆಂಚಿನ ಎಡಭಾಗದಲ್ಲೇ ಕೂರುತ್ತಿತ್ತು, ಬಲಭಾಗ ಬಿಟ್ಟು.

ಆ ಬೆಂಚನ್ನು ನೀರು ಮಾಡುವುದು ಹೇಗೆ? ಅವಳಿಗೆ ಅದು ಗಂಟಲಲ್ಲಿ ಸಿಕ್ಕ ಬಿಸಿ ತುಪ್ಪವಾಯಿತು, ನುಂಗಲಾರಳು, ಉಗುಳಲಾರಳು. ಒಬ್ಬರ ಬಾಡಿಗೆಯಲ್ಲಿ ಶುಲ್ಕದ ಹತ್ತರಲ್ಲೊಂದು ಪಾಲೂ ಹುಟ್ಟುತ್ತಿರಲಿಲ್ಲ. ಮಿಕ್ಕಿದ್ದು ಅವಳ ಸಂಬಳದಿಂದ ಹೋಗುತ್ತಿತ್ತು. ಪಾಳುಬಿದ್ದ ದ್ವೀಪವನ್ನು ಕಂಡು ಆ ಮನುಷ್ಯ ಇನ್ನಷ್ಟು ಒಂಟಿಯಾದರೆ ಎಂಬ ಹೆದರಿಕೆ ಬೇರೆ. ಅದಕ್ಕೆ ಅವಳೊಂದು ಉಪಾಯ ಮಾಡಿದಳು. ಪ್ರತಿ ಸಂಜೆ ಅಂಗಡಿಯಿಂದ ಬಂದವಳೇ ಚಪ್ಪಲಿ ಬಿಟ್ಟು, ಹೊಲಿಗೆಯ ಮೇಜಿನ ಮೇಲಿನ ಹಳೆಯ ಕಂಪ್ಯೂಟರ್ ತೆರೆದು, ಏಳಕ್ಕೆ ಮೊದಲು ಹನ್ನೊಂದೂ ಮನೆಗಳನ್ನು ಹೊಕ್ಕು ಬರುವಳು. ಮುಚ್ಚಿದ ಪರದೆ ಸರಿಸಿ, ಸರಿಯಾಗಿ ಏಳಕ್ಕೆ ಎಲ್ಲ ಮನೆಗಳಲ್ಲೂ ದೀಪ ಹತ್ತಿಸುವಳು. ಮಳೆಗಾಲಕ್ಕೊಂದು ಬಣ್ಣ, ಚಳಿಗಾಲಕ್ಕೊಂದು ಬಣ್ಣವೆಂದು ಪರದೆ ಬದಲಿಸುವಳು. ದಡದಿಂದ ನೋಡಿದರೆ ಊರು ತುಂಬಿದೆ ಎನ್ನಬೇಕು.

"ಬಂದ್ಲಪ್ಪ ಜಮೀನ್ದಾರ್ತಿ" ಎನ್ನುತ್ತಿದ್ದಳು ಅಕ್ಕ, ಕಾಲು ನೀವಿಕೊಳ್ಳುತ್ತ. "ನನ್ನ ಜೊತೆ ಎರಡು ಮಾತಾಡೋಕೆ ಹೊತ್ತಿಲ್ಲ, ದೆವ್ವಗಳಿಗೆ ದೀಪ ಹಚ್ಚೋಕೆ ಹೊತ್ತಿದೆ."

ಹೀಗಿರುವಾಗ ಒಂದು ಮಂಗಳವಾರ ಹಲ್ಲಿನ ಡಾಕ್ಟರಮ್ಮನೊಬ್ಬರ ಮನೆಗೆ ಅಳತೆಗೆ ಹೋದಳು. ಅಂಗಡಿಯಿಂದ ಎರಡು ಬೀದಿ ಆಚೆ. ಡಾಕ್ಟರಮ್ಮ ಮೇಲಿದ್ದುಕೊಂಡು ಕೆಳಗಿನ ಭಾಗವನ್ನು ಬಾಡಿಗೆಗೆ ಕೊಡಲೆಂದು ಸಜ್ಜುಮಾಡಿಸುತ್ತಿದ್ದರು. ಹೊಸಿಲಿಗೆ ಒಂದೇ ಮೆಟ್ಟಿಲು. ಮುಂದಿನ ಕೋಣೆಯಲ್ಲಿ ಬೀದಿಗೆ ತೆರೆದ ಕಿಟಕಿ, ಐದಡಿ ಅಗಲ. ಎದುರಿಗೆ ಬಸ್ ನಿಲ್ದಾಣ, ಹೂವಿನವಳು, ಸೈಕಲ್ ರಿಪೇರಿ, ಶಾಲೆ ಬಿಟ್ಟ ಮಕ್ಕಳು. ಟೇಪು ಹಿಡಿದವಳು ಹಾಗೇ ನಿಂತುಬಿಟ್ಟಳು. ಆ ಕಿಟಕಿಯ ಬಳಿ ಒಂದು ಕುರ್ಚಿ, ಕುರ್ಚಿಯಲ್ಲಿ ಅಕ್ಕ, ಬಾಯಿತುಂಬ ಮಾತು.

"ಬಾಡಿಗೆ ಎಷ್ಟು ಮೇಡಂ?"

ಡಾಕ್ಟರಮ್ಮ ಹೇಳಿದರು. ಈಗ ಕೊಡುವುದಕ್ಕಿಂತ ಎಷ್ಟು ಹೆಚ್ಚೋ, ಹೆಚ್ಚುಕಡಿಮೆ ಅಷ್ಟೇ ಅವಳ ಕೈಯಿಂದ ತಿಂಗಳು ತಿಂಗಳು ದ್ವೀಪಕ್ಕೆ ಹೋಗುತ್ತಿತ್ತು.

"ನಿಮಗಾದ್ರೆ ಸಂತೋಷ" ಎಂದರು ಡಾಕ್ಟರಮ್ಮ. "ಶನಿವಾರದೊಳಗೆ ಹೇಳಿ. ಇನ್ನೊಬ್ರು ಕೇಳಿದಾರೆ, ತಡೆದಿಟ್ಟಿರ್ತೀನಿ."

ಶುಲ್ಕ ಕಟ್ಟುವ ಕೊನೆಯ ದಿನ ಶುಕ್ರವಾರ.

ಮನೆಗೆ ಬಂದು ಅಕ್ಕನಿಗೆ ಹೇಳಿದ್ದೇ ತಪ್ಪಾಯಿತೇನೋ. ಮೂರು ದಿನ ಅಕ್ಕ ಬಾಯಿಗೆ ಬೀಗ ಹಾಕಿಕೊಂಡವಳಂತೆ ಒಂದು ಕೊಂಕೂ ಆಡಲಿಲ್ಲ. ಬದಲಿಗೆ ಹಳೆಯ ಚಪ್ಪಲಿಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಬಾಗಿಲ ಬಳಿ ಇಟ್ಟಳು. ಏಳು ತಿಂಗಳಿಂದ ಮಂಚದ ಕೆಳಗಿದ್ದ ಚಪ್ಪಲಿ.

ಶುಕ್ರವಾರ ಸಂಜೆ ಕಂಪ್ಯೂಟರಿನ ಮುಂದೆ ತಂಗಿ ಕೂತಾಗ ಅಕ್ಕ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಕಟ್ತೀಯಾ, ಬಿಡ್ತೀಯಾ?"

"ಆ ಮನುಷ್ಯನಿಗೆ ಅದೊಂದೇ ಉಳಿದಿರೋದು ಅಕ್ಕ. ಹೆಂಡ್ತಿ ಕೂತಿದ್ದ ಬೆಂಚು."

"ಅವರ ಮುಖ ನೋಡಿದೀಯಾ ನೀನು?"

"ಗೊಂಬೆ ಮುಖ ನೋಡಿದೀನಿ."

"ಗೊಂಬೆ ಮುಖ! ಆ ಗೊಂಬೆಗೆ ಮೊಣಕಾಲು ನೋಯುತ್ತೇನೆ?" ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಮೆತ್ತಗೆ ಕೇಳಿದಳು, "ಒಂದ್ಸಲ ಬಾಯಿಬಿಟ್ಟು ಕೇಳಬಾರದಾ ಪುಟ್ಟಿ, ಬಿಟ್ಟು ಹೋಗ್ತೀರಾ ಅಂತ?"

"ಹೇಗೆ ಕೇಳ್ಲಿ? ಮನೆ ಯಜಮಾನಿ ಹಾಗೆ ಕೇಳಿದ್ರೆ ಏಳಿ ಹೊರಡಿ ಅಂದ ಹಾಗೇ ಅಲ್ವಾ?"

ಅವಳು ಹನ್ನೊಂದು ದೀಪ ಹಚ್ಚಿದಳು. ಟೈಂಕೀಪರ್ ಬಂದು ಕೂತರು. "ಊಟ ಆಯ್ತಾ ಒಡತಿಯವರೇ?" ಎಂದು ಎಂದಿನಂತೆ ಕೇಳಿದರು. ಬೆಂಚಿನ ಬಲಭಾಗ ಖಾಲಿಯಿತ್ತು. ಅವಳು ಅದನ್ನೇ ನೋಡುತ್ತ ಶುಲ್ಕದ ಗುಂಡಿ ಒತ್ತಿದಳು. ಹಿಂದೆ ಅಕ್ಕ ಗೋಡೆ ಹಿಡಿದು ಒಳಗೆ ಹೋದ ಸದ್ದು ಕೇಳಿಸಿತು. ಒಂದು ಕಾಲು ಗಟ್ಟಿಯಾಗಿ, ಒಂದು ಕಾಲು ಎಳೆಯುತ್ತ.

ಶನಿವಾರ ಬೆಳಗ್ಗೆ ಡಾಕ್ಟರಮ್ಮನಿಗೆ ಆಗುವುದಿಲ್ಲವೆಂದು ಹೇಳಲು ಹೋದಳು. ಹೇಗೂ ಪರದೆ ತೂಗುಹಾಕುವುದೂ ಅವತ್ತೇ ಇತ್ತು. ಐದಡಿಯ ಆ ಕಿಟಕಿಗೆ ತಿಳಿಹಳದಿ ಪರದೆ. ಏಣಿ ಹತ್ತಿ ಕೊಕ್ಕೆಗಳನ್ನು ಒಂದೊಂದಾಗಿ ಸಿಕ್ಕಿಸಿದಳು. ಎಳೆದು ತಂದು, ನಡುವೆ ಗೇಣು ಬಿಟ್ಟು, ನೆರಿಗೆ ತೀಡಿ, ಹಿಂದೆ ಸರಿದು ನೋಡಿದಳು. ಗೇಣು ಸಂದಿನಲ್ಲಿ ಒಂದು ಬಸ್ಸು ಬಂದು ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು.

"ಎಷ್ಟು ಚೆನ್ನಾಗಿ ಕೂತಿದೆ" ಎಂದರು ಡಾಕ್ಟರಮ್ಮ. "ಬರೋರಿಗೆ ಖುಷಿಯಾಗುತ್ತೆ."

ಅವತ್ತು ಮನೆಯ ಮೆಟ್ಟಿಲು ಹತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮೂರನೆಯ ಮಹಡಿಯ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು. ಮೇಲೆ ಬಂದರೆ ಬಾಗಿಲ ಬಳಿ ಚಪ್ಪಲಿ ಇರಲಿಲ್ಲ. ಮತ್ತೆ ಮಂಚದ ಕೆಳಗೆ ಹೋಗಿತ್ತು. ಅಕ್ಕ ತಟ್ಟೆ ಹಾಕಿಟ್ಟಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ದೀಪ ಹಚ್ಚುವಾಗ ಏಳು ದಾಟಿತ್ತು. ಟೈಂಕೀಪರ್ ಆಗಲೇ ಬಂದು ಕೂತಿದ್ದರು. ಕಿವಿಗೆ ಹಾಕಿಕೊಳ್ಳುವ ವೈರು ಕೆಟ್ಟು ವಾರವಾಗಿತ್ತು, ಅವರ ದನಿ ಇಡೀ ಕೋಣೆಗೆ ಕೇಳಿಸಿತು.

"ಒಡತಿಯವರೇ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರದು."

"ಕೇಳಿ ಸಾರ್."

"ಮೈಗೆ ಹುಷಾರಿದೆ ತಾನೇ? ಇವತ್ತು ದೀಪ ಹತ್ತಿದ್ದು ಏಳು ಒಂಬತ್ತಕ್ಕೆ."

"ದೀಪ ಅವರವರು ಹಚ್ಕೋತಾರೆ ಸಾರ್. ನನಗೇನು ಗೊತ್ತು?"

"ಹನ್ನೊಂದು ಮನೆಯವರೂ ಒಂದೇ ದಿನ ಒಂಬತ್ತು ನಿಮಿಷ ಲೇಟಾ?" ಆ ದನಿಯಲ್ಲಿ ನಗು ಇತ್ತೋ ಏನೋ. "ತಾಯಿ, ಒಂದು ಬಸ್ಸು ಲೇಟಾದ್ರೆ ಡ್ರೈವರ್ ತಪ್ಪು. ಹನ್ನೊಂದು ಬಸ್ಸು ಒಟ್ಟಿಗೆ ಲೇಟಾದ್ರೆ ದಾರೀಲಿ ರೈಲ್ವೆ ಗೇಟು ಬಿದ್ದಿದೆ ಅಂತ ಅರ್ಥ. ಮೂವತ್ತೈದು ವರ್ಷ ಅದನ್ನೇ ಬರ್ಕೊಂಡು ಬಂದಿದೀನಿ."

ಅವಳು ಕೊರಳ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

"ದೀಪದ್ದು ಬಿಡಿ. ನನಗೆ ಎರಡು ವರ್ಷದ ಹಿಂದೇನೇ ಗೊತ್ತಾಗಿದ್ದು ಪರದೆಯಿಂದ. ಹನ್ನೊಂದು ಮನೇಲೂ ನಡುವೆ ಒಂದೇ ಗೇಣು ಸಂದು, ಒಂದು ದಿನಾನೂ ಹೆಚ್ಚುಕಡಿಮೆಯಿಲ್ಲ. ಜನ ಇರೋ ಮನೇಲಿ ಹಾಗಿರುತ್ತಾ? ಒಂದು ಕಡೆ ಪೂರ್ತಿ ತೆಗೆದಿರುತ್ತೆ, ಒಂದು ಕಡೆ ಕುರ್ಚಿಗೆ ಸಿಕ್ಕಿರುತ್ತೆ. ನಮ್ಮಾಕೆ ಇದ್ದಾಗ ನಮ್ಮನೆ ಪರದೆ ಒಂದು ದಿನ ನೆಟ್ಟಗಿದ್ದದ್ದಿಲ್ಲ."

ಅಳತೆಯಮ್ಮನ ಕೆನ್ನೆ ಬಿಸಿಯಾಯಿತು. ಕಳ್ಳತನ ಸಿಕ್ಕಿಬಿದ್ದದ್ದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷದ ಕೈಚಳಕವೇ ತನ್ನನ್ನು ಹಿಡಿದುಕೊಟ್ಟಿತಲ್ಲ ಎಂದು. "ಗೊತ್ತಿದ್ದೂ ಯಾಕೆ ಸಾರ್ ದಿನಾ ಬರ್ತಿದ್ರಿ?"

ಬೆಂಚಿನ ಮುಂದೆ ಅಲೆ ಬಡಿಯುತ್ತಿತ್ತು. ಒಂದೇ ಅಲೆ, ಮತ್ತೆ ಮತ್ತೆ.

"ಆಕೆ ಹೋದ ಮೇಲೆ ಈ ಬೆಂಚು ನೋಡೋಕೇ ಆಗ್ತಿರಲಿಲ್ಲ ನನಗೆ. ಇಲ್ಲಿಗೆ ಬರೋದು ಅಂದ್ರೆ ದಿನಾ ಆಸ್ಪತ್ರೆಗೆ ಹೋದ ಹಾಗೆ. ಬಿಡ್ತೀನಿ ಅಂತ ಹೇಳೋಕೆ ಒಂದು ಸಂಜೆ ಬಂದೆ. ನೋಡಿದ್ರೆ ಖಾಲಿ ಮನೆಗಳಲ್ಲೆಲ್ಲ ದೀಪ. ಯಾರಿಗೋಸ್ಕರ ಅಂತ ಅರ್ಥ ಆಯ್ತು. ಒಬ್ಬ ಮುದುಕನಿಗೆ ಅಂತ ಹನ್ನೊಂದು ಮನೆಗೆ ದೀಪ ಹಚ್ಚೋರು ಇರುವಾಗ ಹೋಗ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನನ್ನ ಮೊಮ್ಮಗಳು ಸಂಜೆ ಏಳಕ್ಕೆ ಪಾರ್ಕಿಗೆ ಕರೀತಾಳೆ. ಆಗಲ್ಲಮ್ಮ, ಡ್ಯೂಟಿ ಇದೆ ಅಂತೀನಿ."

ಅಡಿಗೆಮನೆಯಿಂದ ಪಾತ್ರೆ ಇಟ್ಟ ಸದ್ದು. ಅಕ್ಕ ಗೋಡೆ ಹಿಡಿದು ಬಂದವಳೇ ಕಂಪ್ಯೂಟರಿನ ಕಡೆ ಬಾಗಿದಳು.

"ನೋಡಿ ಸ್ವಾಮಿ, ನಾನು ಇವಳ ಅಕ್ಕ. ನಿಂತುಹೋದ ಬಸ್ಸಲ್ಲಿ ಇಬ್ಬರೇ ಕೂತ್ಕೊಂಡು, ನೀವು ಮೊದಲು ಇಳೀರಿ, ಇಲ್ಲ ನೀವೇ ಮೊದಲು ಇಳೀರಿ ಅಂತ ಎರಡು ವರ್ಷ ಮರ್ಯಾದೆ ಮಾಡಿದೀರಲ್ಲ! ಈ ಮಾತು ನಿನ್ನೆ ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಿನ್ನೆ ಏನಾಯ್ತು ತಾಯಿ?" ಎಂದರು ಅವರು ಗಾಬರಿಯಿಂದ.

"ಏನೂ ಇಲ್ಲ ಸಾರ್" ಎಂದಳು ಅಳತೆಯಮ್ಮ. "ಏನೂ ಆಗಿಲ್ಲ."

ಅಕ್ಕ ತಂಗಿಯ ಮುಖ ನೋಡಿದಳು. ತಂಗಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದಳು.

ಶುಲ್ಕ ಕಟ್ಟಿಯಾಗಿತ್ತು, ಕಂಪನಿ ಅದನ್ನು ಹಿಂದಿರುಗಿಸುವುದಿಲ್ಲ. ತಿಂಗಳು ತುಂಬುವ ತನಕ ದ್ವೀಪ ಇದ್ದೇ ಇತ್ತು. ಇಬ್ಬರಿಗೂ ಬೇಡವಾದ ಮೂವತ್ತು ಸಂಜೆಗಳು. ಟೈಂಕೀಪರ್ ಮಾರನೆಯ ದಿನವೇ ಬಂದು, ತಮ್ಮ ಮನೆಯ ಪರದೆ ಮುಚ್ಚಿದರು. ನಿಯಮ ನಿಯಮವೇ. ಒಂದು ತುದಿ ಕಿಟಕಿಯ ಹಿಡಿಗೆ ಸಿಕ್ಕಿಕೊಂಡು ಸೊಟ್ಟಗೆ ನಿಂತಿತು. ಅವರು ಅದನ್ನು ಸರಿಮಾಡಲಿಲ್ಲ. "ಆಕೆ ಬಿಡ್ತಿದ್ದದ್ದು ಹೀಗೇ" ಎಂದರು. ಬೆಂಚಿನ ಬಳಿ ಸ್ವಲ್ಪ ಹೊತ್ತು ನಿಂತು, ಕೂರದೆಯೇ ಮಾಯವಾದರು.

ಬಿಡುವವರೆಲ್ಲ ಹೋಗಿಯಾದ ಮೇಲೆ ದೀಪ ಹಚ್ಚುವ ಅಗತ್ಯವಿರಲಿಲ್ಲ. ಆದರೂ ಏಳಾದರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಕೊನೆಯ ಸಂಜೆ ಮಾತ್ರ ಅವಳು ಹನ್ನೊಂದು ಮನೆಗಳನ್ನೂ ಹೊಕ್ಕು ಬಂದಳು. ಒಂದರಲ್ಲಿ ಪರದೆಯನ್ನು ಪೂರ್ತಿ ತೆರೆದಳು, ಒಂದರಲ್ಲಿ ಅರ್ಧ ಎಳೆದಳು, ಒಂದನ್ನು ಕುರ್ಚಿಗೆ ಸಿಕ್ಕಿಸಿದಳು, ಒಂದನ್ನು ಗಂಟು ಹಾಕಿ ಬಿಟ್ಟಳು. ಇಪ್ಪತ್ತೆಂಟು ವರ್ಷದ ಕೈ ಒಪ್ಪದೆ ಒಪ್ಪದೆ ಒಪ್ಪಿತು. ಆಮೇಲೆ ದಡಕ್ಕೆ ಹೋಗಿ ತಿರುಗಿ ನೋಡಿದಳು. ಅದು ಈಗ ಜನರಿರುವ ಊರಿನಂತೆ ಕಾಣುತ್ತಿತ್ತು. ಮಾರನೆಯ ದಿನ ತೆರೆದಾಗ ನಕ್ಷೆಯಲ್ಲಿ ಆ ಚೌಕ ನೀಲಿಯಾಗಿತ್ತು.

ಡಾಕ್ಟರಮ್ಮನ ಕೆಳಗಿನ ಮನೆಗೆ ಆಗಲೇ ಯಾರೋ ಬಂದಿದ್ದರು. ಅಷ್ಟು ಬಾಡಿಗೆಗೆ, ಅಂಥ ಕಿಟಕಿಯ ಇನ್ನೊಂದು ಮನೆ ಸಿಗಲಿಲ್ಲ. ಹುಡುಕುತ್ತಿದ್ದಳು, ಕಿಟಕಿ ಅಳೆಯಲು ಹೋದಲ್ಲೆಲ್ಲ ಕೇಳುತ್ತಿದ್ದಳು.

ಚೌಕ ನೀಲಿಯಾದ ಆ ಸಂಜೆ ಏಳಕ್ಕೆ ಅವಳು ಕೈ ಖಾಲಿಯಾಗಿ ಕೂತಿದ್ದಾಗ ಅಕ್ಕ ಮಂಚದ ಕೆಳಗಿನಿಂದ ಚಪ್ಪಲಿ ಎಳೆದುಕೊಂಡಳು.

"ಹೆಗಲು ಕೊಡೆ. ಮೂರನೇ ಮಹಡಿ ತಿರುವಿನ ತನಕ ಹೋಗಿ ಬರೋಣ. ಅಲ್ಲೊಂದು ಕಿಟಕಿ ಇದೆಯಲ್ಲ."

"ಅಲ್ಲಿ ಕೂತ್ಕೋ ಅಂದಾಗ, ಕುರ್ಚಿ ಹಾಕ್ಕೊಂಡು ಕೂರೋಕೆ ನಾನೇನು ವಾಚ್‌ಮನ್ನಾ ಅಂತ ನೀನೇ ಅಂದಿದ್ಯಲ್ಲ ಅಕ್ಕ?"

"ಅಂದಿದ್ದೆ. ಆಗ ಹೆಗಲು ಕೊಡೋರಿಗೆ ಡ್ಯೂಟಿ ಇತ್ತು."

ಒಂದು ಕೈಯಲ್ಲಿ ಕುರ್ಚಿ, ಒಂದು ಹೆಗಲ ಮೇಲೆ ಅಕ್ಕನ ಭಾರ. ಹದಿನಾರು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು. ತಿರುವಿನ ಕಿಟಕಿಯ ಗಾಜು ಒಡೆದು ವರ್ಷಗಳಾಗಿದ್ದವು; ಕೆಳಗಿನ ಬೀದಿಯ ಒಂದು ತುಂಡು ಕಾಣುತ್ತಿತ್ತು. ಅಂಗಡಿಗಳ ಬೆಳಕು, ಸ್ಕೂಟರು, ಯಾರದೋ ಜಗಳ. ಅಕ್ಕ ಕಂಬಿ ಹಿಡಿದು ಬಾಗಿ, ಹಸಿದವಳಂತೆ ನೋಡಿದಳು. ಪಕ್ಕದಲ್ಲಿ ನಿಂತವಳ ಕಣ್ಣು ತಾನಾಗಿ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಹೋಯಿತು. ಮೂರಡಿ ಒಂದಂಗುಲ.

"ಅಳೀಬೇಡ ಕಣೆ" ಎಂದಳು ಅಕ್ಕ, ತಿರುಗಿಯೂ ನೋಡದೆ. "ಇದಕ್ಕೆ ಪರದೆ ಬೇಡ."

ಒಂದು ಗಂಟೆ ಹಾಗೇ ಇದ್ದರು. ಆಮೇಲೆ ತಂಗಿ ಕುರ್ಚಿ ಮಡಿಸಿಕೊಂಡಳು. ಕೆಳಗಿಳಿಯಲು ನಲವತ್ತೆಂಟು ಮೆಟ್ಟಿಲುಗಳಿದ್ದವು, ಮೇಲೆ ಹತ್ತಲು ಹದಿನಾರು. ಅಕ್ಕ ಒಮ್ಮೆ ಕೆಳಗೆ ನೋಡಿ, ಹೆಗಲು ಹುಡುಕಿ, ಎಡಗಾಲನ್ನು ಮೇಲಿನ ಮೆಟ್ಟಿಲಿಗೆ ಎಳೆದಿಟ್ಟಳು.